ಕೀಲಿ ನಮ್ಮದು, ಅಪ್‌ಡೇಟ್ ಅವರದು

ಕಾರಿನ ಸಾಫ್ಟ್‌ವೇರ್ ವಿಷಯದಲ್ಲಿ ಜರ್ಮನ್ನರ ನಿಧಾನ ಕಂಡು ನಾನು ಮೊದಮೊದಲು ನಗುತ್ತಿದ್ದೆ. ಸಾಫ್ಟ್‌ವೇರ್ ಕೆಲಸದವನು ನಾನು. ಇವತ್ತು ಕೋಡ್ ಬಿಡು, ತಪ್ಪಿದ್ದರೆ ನಾಳೆ ತಿದ್ದು ಎನ್ನುವ ಅಭ್ಯಾಸದಲ್ಲೇ ಬೆಳೆದವನು. ಎಲೆಕ್ಟ್ರಿಕ್ ಕಾರು ಓಡಿಸಲು ಶುರುಮಾಡಿದ ಮೇಲೆ ಆ ನಗು ಕಮ್ಮಿಯಾಗಿದೆ.

ಊರ ಕಡೆಯ ಗೆಳೆಯರಿಗೆ ಅಪ್‌ಡೇಟ್ ಬಂತು ಅಂದರೆ ಸಾಕು, "ಏನು ಹೊಸ ಫೀಚರ್ ಕೊಟ್ಟರು?" ಅಂತ ಕೇಳುತ್ತಾರೆ. ಇಲ್ಲಿ ಜರ್ಮನಿಯ ಸಹೋದ್ಯೋಗಿಯದು ಬೇರೆಯೇ ಪ್ರಶ್ನೆ: "ಯಾಕೆ ಬಂತು? ಮೊದಲು ಏನು ಕೆಟ್ಟಿತ್ತು?" ಬಹಳ ಕಾಲ ಇದನ್ನು ನಾನು ಸಂಶಯದ ಬುದ್ಧಿ ಅಂದುಕೊಂಡಿದ್ದೆ.

2018ರ ಮೇ ತಿಂಗಳಲ್ಲಿ ಗ್ರಾಹಕರಿಗಾಗಿ ವಸ್ತುಗಳನ್ನು ಪರೀಕ್ಷಿಸುವ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ಟೆಸ್ಲಾ ಮಾಡೆಲ್ 3 ಕಾರಿನ ಬ್ರೇಕ್ ಪರೀಕ್ಷಿಸಿತು. ಗಂಟೆಗೆ 60 ಮೈಲಿ ವೇಗದಲ್ಲಿದ್ದ ಕಾರು ನಿಲ್ಲಲು 152 ಅಡಿ ತೆಗೆದುಕೊಂಡಿತು, ಕಾರಿನ ಲೆಕ್ಕದಲ್ಲಿ ಇದು ಕಳಪೆ. ಕಂಪನಿ ಕೆಲವೇ ದಿನಗಳಲ್ಲಿ ಗಾಳಿಯಲ್ಲೇ, ಅಂದರೆ ಇಂಟರ್ನೆಟ್ ಮೂಲಕವೇ, ಒಂದು ಅಪ್‌ಡೇಟ್ ಕಳಿಸಿತು, ನಿಲ್ಲುವ ದೂರ 19 ಅಡಿ ಕಮ್ಮಿಯಾಯಿತು. ಟೈರು ಅದೇ, ಬ್ರೇಕ್ ಪ್ಯಾಡ್ ಅದೇ, ಗ್ಯಾರೇಜಿಗೆ ಹೋದವರು ಯಾರೂ ಇಲ್ಲ. ಆಗ ನಾನೂ ಭೇಷ್ ಅಂದಿದ್ದೆ. ಆಮೇಲೆ ತಲೆಗೆ ಹೊಳೆದದ್ದು ಇಷ್ಟು: ಮಲಗಿ ಏಳುವಷ್ಟರಲ್ಲಿ 19 ಅಡಿ ಕಮ್ಮಿ ಮಾಡಬಲ್ಲವರು, ಇನ್ನೊಂದು ರಾತ್ರಿ ಕೈತಪ್ಪಿ ಅಷ್ಟೇ ಜಾಸ್ತಿಯೂ ಮಾಡಬಲ್ಲರು.

ಕೃತಕ ಬುದ್ಧಿಮತ್ತೆ ಅಂದ ಕೂಡಲೇ ಎಲ್ಲರೂ ತಾನೇ ಓಡುವ ಕಾರಿನ ಮಾತಿಗೆ ಹೋಗುತ್ತಾರೆ. ನನಗೆ ಅದಕ್ಕಿಂತ ಕುತೂಹಲದ್ದು ಪರದೆಯ ಮೂಲೆಯಲ್ಲಿ ಕೂತಿರುವ ಬ್ಯಾಟರಿ ಶೇಕಡಾವಾರು. ಪೆಟ್ರೋಲ್ ಟ್ಯಾಂಕಿನಲ್ಲಾದರೆ ತೇಲುವ ಬುರುಡೆಯೊಂದು ಮಟ್ಟ ತೋರಿಸುತ್ತದೆ. ಬ್ಯಾಟರಿಯೊಳಗೆ ಇಣುಕಿ ಎಷ್ಟು ಉಳಿದಿದೆ ಎಂದು ನೋಡುವ ದಾರಿಯೇ ಇಲ್ಲ. ವೋಲ್ಟೇಜ್, ಕರೆಂಟ್, ಉಷ್ಣತೆ, ಅಳೆಯಲು ಸಿಗುವುದು ಇವಿಷ್ಟೇ. ಮಿಕ್ಕದ್ದೆಲ್ಲ ಸಾಫ್ಟ್‌ವೇರಿನ ಊಹೆ. ಅದರಲ್ಲೂ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯದು ದೊಡ್ಡ ತಲೆನೋವು. ಚಾರ್ಜ್ ಮುಕ್ಕಾಲು ಇದ್ದರೂ ಕಾಲು ಇದ್ದರೂ ಅದರ ವೋಲ್ಟೇಜ್ ಹೆಚ್ಚುಕಮ್ಮಿ ಒಂದೇ. ಮಟ್ಟಸವಾದ ಬಯಲಲ್ಲಿ ನಡೆಯುತ್ತಾ, ನೆಲದ ಎತ್ತರ ನೋಡಿ ಎಷ್ಟು ದೂರ ಬಂದೆ ಎಂದು ಹೇಳಲು ಹೊರಟಂತೆ. ಎಲ್‌ಎಫ್‌ಪಿ ಕಾರಿನವರಿಗೆ ಆಗಾಗ 100ರವರೆಗೆ ಚಾರ್ಜ್ ಮಾಡಿ ಎಂದು ಕಂಪನಿಗಳು ಹೇಳುವುದಕ್ಕೆ ಇದೂ ಒಂದು ಕಾರಣ. ತುದಿ ಮುಟ್ಟಿದಾಗಲೇ ಲೆಕ್ಕಕ್ಕೆ ಗಟ್ಟಿ ನೆಲ ಸಿಗುವುದು. ಸಾವಿರಾರು ಕಾರುಗಳ ಬ್ಯಾಟರಿ ಹೇಗೆ ಸವೆಯುತ್ತಿದೆ ಎಂದು ಕಲಿತು ಈ ಊಹೆಯನ್ನು ಮೊನಚು ಮಾಡುವುದಕ್ಕೆ ಮೆಷಿನ್ ಲರ್ನಿಂಗ್ ಎಂಬ ಕೃತಕ ಬುದ್ಧಿಮತ್ತೆಯ ವಿಧಾನ ನಿಜಕ್ಕೂ ಒದಗಿಬರುತ್ತದೆ. ಸದ್ದಿಲ್ಲದ ಕೆಲಸ, ಜಾಹೀರಾತಿಗೆ ಬಾರದ್ದು.

ಆ ಸಂಖ್ಯೆ ಊಹೆಯಾದರೆ, ಊಹಿಸುವವನ ಕೈಯಲ್ಲಿ ಅಧಿಕಾರವಿದೆ ಅಂತಾಯಿತು. 2017ರಲ್ಲಿ ಫ್ಲೋರಿಡಾಕ್ಕೆ ಇರ್ಮಾ ಚಂಡಮಾರುತ ಬಂದಾಗ, ಜನ ಪಾರಾಗಲಿ ಎಂದು ಟೆಸ್ಲಾ ಕೆಲವು ಕಾರುಗಳ ರೇಂಜನ್ನು (ಒಂದು ಚಾರ್ಜಿಗೆ ಓಡುವ ದೂರವನ್ನು) ತಾತ್ಕಾಲಿಕವಾಗಿ ಹೆಚ್ಚಿಸಿತು. ಒಳಗಿದ್ದದ್ದು 75 ಕಿಲೋವ್ಯಾಟ್ ಅವರ್ ಬ್ಯಾಟರಿ, ಸಾಫ್ಟ್‌ವೇರ್ ಬೀಗ ಹಾಕಿ 60 ಎಂದು ಮಾರಿದ್ದರು. ಒಳ್ಳೆಯ ಕೆಲಸವೇ, ಇಲ್ಲ ಅನ್ನುವುದಿಲ್ಲ. ಅಂದಹಾಗೆ ಈ ಯೋಚನೆ ಮೊದಲು ಹೊಳೆದದ್ದು ಅಮೆರಿಕದವರಿಗಲ್ಲ. 2009ರಲ್ಲೇ ನಮ್ಮ ಬೆಂಗಳೂರಿನ ಎಲೆಕ್ಟ್ರಿಕ್ ಕಾರು ಕಂಪನಿ ರೇವಾ ಫ್ರಾಂಕ್‌ಫರ್ಟ್ ಮೋಟಾರ್ ಪ್ರದರ್ಶನದಲ್ಲಿ 'ರಿವೈವ್' ಅನ್ನುವ ವ್ಯವಸ್ಥೆ ತೋರಿಸಿತ್ತು. ಚಾರ್ಜ್ ಮುಗಿದು ದಾರಿಯಲ್ಲಿ ನಿಂತವನು ಸುದ್ದಿ ಮುಟ್ಟಿಸಿದರೆ, ಕಾಯ್ದಿಟ್ಟ ಚಾರ್ಜನ್ನು ದೂರದಿಂದಲೇ ಬಿಡಿಸಿಕೊಡುವ ಉಪಾಯ. ಜರ್ಮನ್ ಸಹೋದ್ಯೋಗಿಗಳಿಗೆ ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ, ಒಪ್ಪಿಕೊಳ್ಳುತ್ತೇನೆ.

ಇನ್ನು ದೇಶಗಳ ರೀತಿಗೆ ಬರೋಣ. ಅಮೆರಿಕದಲ್ಲಿ ಕಾರು ನಿಯಮಕ್ಕೆ ತಕ್ಕಂತಿದೆ ಎಂದು ತಯಾರಕನೇ ಹೇಳಿಕೊಳ್ಳುತ್ತಾನೆ. ತಪ್ಪು ಕಂಡರೆ ಸರ್ಕಾರ ಆಮೇಲೆ ಹಿಡಿಯುತ್ತದೆ. 2023ರ ಡಿಸೆಂಬರಿನಲ್ಲಿ ಆಟೊಪೈಲಟ್ ಎಂಬ ಚಾಲಕ ಸಹಾಯ ವ್ಯವಸ್ಥೆಯ ಸಂಬಂಧ 20 ಲಕ್ಷಕ್ಕೂ ಹೆಚ್ಚು ಟೆಸ್ಲಾಗಳು 'ರಿಕಾಲ್' (ದುರಸ್ತಿಗೆ ವಾಪಸ್ ಕರೆ) ಆದವು, ಒಂದೂ ಕದಲಲಿಲ್ಲ. ಅಲ್ಲಿ ರಿಕಾಲ್ ಅಂದರೂ ಇನ್ನೊಂದು ಅಪ್‌ಡೇಟೇ. ಯುರೋಪಿನಲ್ಲಿ ಮೊದಲು ಒಪ್ಪಿಗೆ, ಆಮೇಲೆ ಮಾರಾಟ. ಅಪ್‌ಡೇಟ್ ಹೇಗೆ ಕಳಿಸುತ್ತೀರಿ, ಲೆಕ್ಕ ಹೇಗಿಡುತ್ತೀರಿ ಎಂಬುದಕ್ಕೂ ವಿಶ್ವಸಂಸ್ಥೆಯ ಆರ್156 ನಿಯಮವಿದೆ, 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಅನ್ವಯ. ಕಾರನ್ನು ತಾನೇ ಓಡಿಸುವ ಮರ್ಸಿಡಿಸ್‌ನ ಡ್ರೈವ್ ಪೈಲಟ್ ವ್ಯವಸ್ಥೆಗೆ 2021ರ ಕೊನೆಯಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ಗಂಟೆಗೆ 60 ಕಿಲೋಮೀಟರ್‌ವರೆಗೆ ಮಾತ್ರ. ಅದನ್ನು 95ಕ್ಕೆ ಏರಿಸಲು ಇನ್ನೂ ಮೂರು ವರ್ಷ ಹಿಡಿಯಿತು. ಆಮೆ ನಡಿಗೆ. ಆದರೆ ಅಷ್ಟು ವೇಗದೊಳಗೆ ಚಾಲಕ ರಸ್ತೆಯಿಂದ ಕಣ್ಣು ತೆಗೆಯಬಹುದು ಎಂದು ಕಾನೂನೇ ಒಪ್ಪಿದೆ. ಅಮೆರಿಕದ ಟೆಸ್ಲಾ ವ್ಯವಸ್ಥೆ ಎಲ್ಲೆಂದರಲ್ಲಿ ಓಡುತ್ತದೆ, ಜವಾಬ್ದಾರಿ ಮಾತ್ರ ಸ್ಟೇರಿಂಗ್ ಮುಂದೆ ಕೂತವನದು.

ಚೀನಾದ್ದು ಮೂರನೇ ದಾರಿ: ಓಟವೋ ಓಟ, ಪೆಟ್ಟು ಬಿದ್ದಾಗ ಒಮ್ಮೆಲೇ ಕಡಿವಾಣ. 2025ರ ಮಾರ್ಚಿನಲ್ಲಿ ಅನ್‌ಹುಯಿ ಪ್ರಾಂತ್ಯದಲ್ಲಿ ಚಾಲಕ ಸಹಾಯ ವ್ಯವಸ್ಥೆ ನಂಬಿ ಓಡುತ್ತಿದ್ದ ಶಿಯೋಮಿ ಕಾರು ಅಪಘಾತಕ್ಕೀಡಾಗಿ ಮೂವರು ಸತ್ತರು. ಎಚ್ಚರಿಕೆಗೂ ಡಿಕ್ಕಿಗೂ ನಡುವೆ ಇದ್ದದ್ದು ಕೆಲವೇ ಸೆಕೆಂಡು. ಮುಂದಿನ ತಿಂಗಳೇ ಅಲ್ಲಿನ ಸಚಿವಾಲಯ ಕಂಪನಿಗಳನ್ನು ಕೂರಿಸಿಕೊಂಡು, ಜಾಹೀರಾತಿನಲ್ಲಿ ಉತ್ಪ್ರೇಕ್ಷೆ ಬೇಡ, ಗಿರಾಕಿಗಳ ಮೇಲೆ ಅಪ್‌ಡೇಟ್ ಪ್ರಯೋಗ ಬೇಡ ಎಂದಿತು.

ನಿಧಾನವೇ ಪ್ರಧಾನ ಎನ್ನಲೂ ನನಗೆ ಬಾಯಿ ಬಾರದು. ಫೋಕ್ಸ್‌ವ್ಯಾಗನ್ ತಾನೇ ಸಾಫ್ಟ್‌ವೇರ್ ಬರೆಯಲು ಹೋಗಿ ತಡವರಿಸಿ, ಕೊನೆಗೆ 2023ರಲ್ಲಿ ಚೀನಾದ ಶಿಯೋಪೆಂಗ್, 2024ರಲ್ಲಿ ಅಮೆರಿಕದ ರಿವಿಯನ್ ಕಂಪನಿಯ ಕೈ ಹಿಡಿಯಬೇಕಾಯಿತು. ಹಾಗಂತ ಹೊಸ ಕಂಪನಿಗಳಾದರೂ ಶಾಶ್ವತವೇ? 2024ರ ಜೂನ್‌ನಲ್ಲಿ ಅಮೆರಿಕದ ಎಲೆಕ್ಟ್ರಿಕ್ ಕಾರು ಕಂಪನಿ ಫಿಸ್ಕರ್ ದಿವಾಳಿಯಾದಾಗ ಕೊಂಡವರ ಕಾರುಗಳು ಅನಾಥವಾದವು; ಮಾಲೀಕರೇ ಸಂಘ ಕಟ್ಟಿ ಸಾಫ್ಟ್‌ವೇರ್ ಬಿಡಿಸಿ ನೋಡಲು ಕೂತರು.

ನನ್ನ ಬೇಡಿಕೆ ದೊಡ್ಡದೇನಲ್ಲ. "ದೋಷ ನಿವಾರಣೆ ಮತ್ತು ಸುಧಾರಣೆಗಳು" ಎಂದು ಎರಡು ಮಾತು ತೇಲಿಸುವ ಬದಲು, ಬ್ರೇಕ್ ಬದಲಾಗಿದ್ದರೆ ಎಷ್ಟು ಮೀಟರ್, ರೇಂಜ್ ಬದಲಾಗಿದ್ದರೆ ಏಕೆ ಎಂದು ಬರೆಯಲಿ. ಬ್ಯಾಟರಿಯ ಆರೋಗ್ಯದ ಮಾಹಿತಿ ಮಾಲೀಕನಿಗೆ ಸಿಗಬೇಕೆಂದು ಯುರೋಪಿನ 2023ರ ಬ್ಯಾಟರಿ ಕಾನೂನು ಹೇಳುತ್ತದೆ. ಊರ ಗೆಳೆಯರು ಹೊಸ ಫೀಚರ್ ಕೇಳುವಷ್ಟೇ ಜೋರಾಗಿ ಇದನ್ನೂ ಕೇಳಬೇಕು.

ಕಳೆದ ಅಪ್‌ಡೇಟ್ ಆದಾಗಿನಿಂದ ನನ್ನ ಕಾರು ಪೂರ್ತಿ ಚಾರ್ಜಿಗೆ 15 ಕಿಲೋಮೀಟರ್ ಕಮ್ಮಿ ತೋರಿಸುತ್ತಿದೆ. ಬ್ಯಾಟರಿ ಸವೆಯಿತೋ, ಇಷ್ಟು ದಿನ ಉಬ್ಬಿಸಿದ್ದ ಲೆಕ್ಕ ಈಗ ಸರಿಹೋಯಿತೋ? ಜರ್ಮನ್ನರ ಹಾಗೇ ಕಂಪನಿಗೊಂದು ಕಾಗದ ಬರೆದು, ಉತ್ತರಕ್ಕೆ ಕಾಯುತ್ತಿದ್ದೇನೆ.