ಸ್ಪೀಕರ್ ಹಾರ್ನ್: ಫೈಬರ್ರೋ, ಮರವೋ?

ಪರ: ಆಕಾರ ಮುಖ್ಯ, ಆಕಾರಕ್ಕೆ ಫೈಬರ್

ಹಾರ್ನ್ ಅಂದ ಕೂಡಲೇ ಜಾತ್ರೆಯಲ್ಲಿ ಕಂಬಕ್ಕೆ ಕಟ್ಟುವ ಅಲ್ಯೂಮಿನಿಯಂ ಕಹಳೆ ಕಣ್ಣ ಮುಂದೆ ಬರುತ್ತದೆ, ಅಲ್ವಾ? ಮನೆಯಲ್ಲಿ ಹಾಡು ಕೇಳೋಕೆ ಕೆಲವರು ಕಟ್ಟಿಕೊಳ್ಳುವ ಹಾರ್ನ್ ಕೂಡ ಅದೇ ಜಾತಿ. ಅದನ್ನು ಮರದಲ್ಲೂ ಮಾಡಬಹುದು, ಫೈಬರ್‌ನಲ್ಲೂ, ಅಂದರೆ ಗಾಜಿನ ಎಳೆಗೆ ರೆಸಿನ್ ಎಂಬ ಗಟ್ಟಿಯಾಗುವ ಅಂಟು ಕುಡಿಸಿದ ವಸ್ತುವಿನಲ್ಲೂ ಮಾಡಬಹುದು. ಸಣ್ಣ ಕಿಂಡಿಯ ಹಿಂದೆ ಪೊರೆ ಅದುರಿಸಿ ಶಬ್ದ ಹುಟ್ಟಿಸುವ ಡ್ರೈವರ್, ಮುಂದೆ ನಿಧಾನಕ್ಕೆ ಅಗಲವಾಗುವ ಬಾಯಿ. ಪುಟ್ಟ ಪೊರೆಯ ಜೋರು ಒತ್ತಡವನ್ನು ಕೋಣೆಯ ಗಾಳಿಗೆ ಹಂತಹಂತವಾಗಿ ದಾಟಿಸುವುದೇ ಅದರ ಕೆಲಸ. ದಾರಿಯಲ್ಲಿ ಎಲ್ಲಾದರೂ ಏಣು, ತಗ್ಗು ಇದ್ದರೆ ಶಬ್ದ ಅಲ್ಲಿ ತಿರುಗಿ ಹಿಂದಕ್ಕೆ ಬರುತ್ತದೆ.

ನಾನು ಮಾಡಿದ್ದು ಟ್ರಾಕ್ಟ್ರಿಕ್ಸ್ ಅನ್ನುವ ಬಾಗುಗೆರೆಯ ಹಾರ್ನ್. ಪಾಲ್ ವಾಯ್ಟ್ 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಸ್ಪೀಕರಿಗೆ ಅಳವಡಿಸಿದ ಆಕಾರ ಅದು. 300 ಹರ್ಟ್ಸ್‌ನಿಂದ ಮೇಲಿನ ದನಿಗೆ ಲೆಕ್ಕ ಹಾಕಿದರೆ ಬಾಯಿ 36.5 ಸೆಂ.ಮೀ. ಅಗಲ. ಒಂದು ಇಂಚಿನ ಕಿಂಡಿಯಿಂದ ಶುರು ಮಾಡಿದರೆ ಉದ್ದ 43 ಸೆಂ.ಮೀ. ಇಷ್ಟುದ್ದಕ್ಕೂ ಒಂದಿಂಚೂ ನೇರ ಗೆರೆ ಇಲ್ಲ. ಇದನ್ನೇ 18 ಮಿ.ಮೀ. ಪ್ಲೈವುಡ್‌ನಲ್ಲಿ ಮಾಡಿ ನೋಡಿ. 24 ಉಂಗುರ ಕೊಯ್ಯಬೇಕು, ಅಂಟಿಸಬೇಕು, ಒಳಮೈಯನ್ನು ಲೇತ್ ಮೇಲೆ ಕಡೆಯಬೇಕು. ಜೋಡಿಗೆ 48. ಎರಡನೆಯದು ಮೊದಲನೆಯದರ ಹಾಗೇ ಬರುತ್ತೆ ಅನ್ನೋ ಖಾತ್ರಿ ಬೇರೆ ಇಲ್ಲ.

ಫೈಬರ್ ಕೆಲಸವನ್ನು ನಾನು ಕಲಿತಿದ್ದು ದೋಣಿ ಮಾಡುವವರ ಹತ್ತಿರ. ದೋಣಿಗೆ ಹೊರಮೈ ಚೆನ್ನಾಗಿರಬೇಕು, ಅದಕ್ಕೆ ಅಚ್ಚು ಟೊಳ್ಳು. ಹಾರ್ನ್‌ಗೆ ಒಳಮೈ ಚೆನ್ನಾಗಿರಬೇಕು, ಹಾಗಾಗಿ ಇಲ್ಲಿ ಅಚ್ಚೇ ಗಟ್ಟಿ. ಅದಕ್ಕೆ ಮೇಣ ಸವರಿ ಉಜ್ಜಿ, ಮತ್ತೆ ಸವರಿ ಉಜ್ಜಿ, ಮೇಲೆ ಜೆಲ್ ಕೋಟ್, ಅಂದರೆ ನುಣುಪು ಮೈ ಕೊಡುವ ದಪ್ಪ ರೆಸಿನ್, ಬಳಿಯುತ್ತೇವೆ. ಅದು ಬೆರಳಿಗೆ ಅಂಟಂಟು ಅನ್ನುವ ಹೊತ್ತಿಗೆ ಗಾಜಿನ ಎಳೆಗಳ ಹಾಸು, ಅಂದರೆ ಮ್ಯಾಟ್, ಹಾಸಿ ರೆಸಿನ್ ಹಚ್ಚುವುದು. ಬಿಳಿ ಮ್ಯಾಟ್ ರೆಸಿನ್ ಕುಡಿದು ಗಾಜಿನ ಹಾಗೆ ತಿಳಿಯಾಗುತ್ತೆ. ಎಲ್ಲಿ ಬೆಳ್ಳಗೆ ಉಳಿದಿದೆಯೋ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ ಅಂತ ಅರ್ಥ. ರೋಲರ್ ಉರುಳಿಸಿದರೆ ಚಿಟಿಚಿಟಿ ಸದ್ದು ಮಾಡುತ್ತಾ ಗುಳ್ಳೆ ಹೊರಬರುತ್ತವೆ. ಮಾರನೇ ದಿನ ಕಿಂಡಿಯ ಕಡೆಯಿಂದ ಗಾಳಿ ಊದಿ ಸಡಿಲ ಮಾಡಿದರೆ ಹಾರ್ನ್ ಪಟ್ ಅಂತ ಕೈಗೆ ಬರುತ್ತದೆ. ಅಚ್ಚು ಎಷ್ಟು ನುಣುಪೋ ಒಳಮೈ ಅಷ್ಟೇ ನುಣುಪು. ಎರಡನೆಯದೂ ಹಾಗೇ, ಹತ್ತನೆಯದೂ ಹಾಗೇ.

"ಮರದ ದನಿ ಬೆಚ್ಚಗಿರುತ್ತೆ" ಅನ್ನುವವರಿಗೆ ಒಂದು ಮಾತು. ವೀಣೆಯ ಕೊಡ ಹಾಡಬೇಕು, ಸರಿ. ಹಾರ್ನ್ ಹಾಡಬಾರದು. ಅದು ಮೂಕವಾಗಿರಬೇಕು. ಹಾಡುವ ವಾದ್ಯಕ್ಕೇ ಫೈಬರ್ ಬಂದಿದೆ: ನಮ್ಮ ಬೆಂಗಳೂರಿನ ಕೆ. ವರದರಂಗನ್ ಮೃದಂಗದ ಕಟ್ಟಿಗೆಯ ಬದಲು ಫೈಬರ್ ಮೈ ಇಟ್ಟು ತೋರಿಸಿದ್ದಾರೆ. ಹಾಗಿರುವಾಗ ಮೂಕ ಕೊಳವೆಗೆ ಮರವೇ ಬೇಕು ಅಂತ ಯಾಕೆ ಹಟ?

ತೆಳುವಾಗಿ ಮಾಡಿದರೆ ಫೈಬರ್ ಟಣ್ ಅನ್ನುತ್ತೆ, ನಿಜ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಒಂದು ಪದರ ಹಾಕಿದರೆ ಹೆಚ್ಚುಕಡಿಮೆ ಒಂದು ಮಿ.ಮೀ. ದಪ್ಪ. ನಾನು ಆರು ಪದರ ಹಾಕಿ, ಹೊರಗಡೆ ರೆಸಿನ್‌ಗೆ ಮರಳು ಕಲಸಿ ಮೆತ್ತಿದೆ. ಈಗ ಬೆರಳಲ್ಲಿ ಬಡಿದರೆ ಕುಂಬಳಕಾಯಿ ಬಡಿದ ಹಾಗೆ ದಬ್ ಅನ್ನುತ್ತೆ. ಹಳೇ ಥಿಯೇಟರುಗಳ ತಗಡಿನ ಹಾರ್ನ್‌ಗಳಿಗೂ ಹೊರಗೆ ಡಾಂಬರು ಬಳಿಯುತ್ತಿದ್ದರು. ಎಲ್ಲದಕ್ಕೂ ಏನೋ ಒಂದು ಉಪಚಾರ ಬೇಕೇ ಬೇಕು.

ಮಳೆಯ ವಿಷಯ ಹೇಳಲೇಬೇಕಾ? ಕರಾವಳಿಯ ಜುಲೈನಲ್ಲಿ ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯ ಪಾಡು ಏನಾಗುತ್ತೆ ಅಂತ ಇಟ್ಟವರಿಗೆ ಗೊತ್ತು. ಅಮೆರಿಕದ ಕಮ್ಯೂನಿಟಿ ಅನ್ನುವ ಸ್ಪೀಕರ್ ಕಂಪನಿ 1968ರಲ್ಲಿ ಶುರುವಾಗಿ ಫೈಬರ್ ಹಾರ್ನ್‌ಗಳಿಂದಲೇ ಹೆಸರು ಮಾಡಿತು. ಬಯಲು ಸ್ಟೇಡಿಯಂಗಳಲ್ಲಿ ಬಿಸಿಲು ಮಳೆ ತಡೆದುಕೊಂಡು ನಿಲ್ಲುವ ಹಾರ್ನ್‌ಗಳು ಅವು.

ವಿರೋಧ: ಅಚ್ಚು ಎಲ್ಲಿಂದ ಬಂತು, ಅದನ್ನೂ ಹೇಳಪ್ಪ

ನನ್ನ ಗೆಳೆಯ ಚೆನ್ನಾಗಿ ಬರೆದಿದ್ದಾನೆ. ಒಂದೇ ಒಂದು ಮಾತು ನುಂಗಿಕೊಂಡಿದ್ದಾನೆ. "ಅಚ್ಚು ಎಷ್ಟು ನುಣುಪೋ" ಅಂದನಲ್ಲ, ಆ ಅಚ್ಚು ಹುಟ್ಟಿದ್ದು ನನ್ನ ಶೆಡ್‌ನಲ್ಲಿ. 24 ಬಿಲ್ಲೆ ಎಂಡಿಎಫ್ ಅಂಟಿಸಿ, ಚನ್ನಪಟ್ಟಣದ ಗೊಂಬೆ ಕಡೆದ ಹಾಗೆ ಲೇತ್ ಮೇಲೆ ಕಡೆದು, ಪುಟ್ಟಿ ತುಂಬಿ, 120ರಿಂದ 1000ದವರೆಗೆ ಸ್ಯಾಂಡ್‌ಪೇಪರ್ ಹೊಡೆದಿದ್ದು ನಾನು. ಹೊರಮೈ ಕಡೆದರೆ ಅಚ್ಚು, ಒಳಮೈ ಕಡೆದರೆ ಹಾರ್ನ್. ನನ್ನ ಕೆಲಸ ಎಲ್ಲಿ ಮುಗಿಯುತ್ತೋ ಅವನದು ಅಲ್ಲಿಂದ ಶುರು! ಇಪ್ಪತ್ತು ಹಾರ್ನ್ ಮಾಡಿ ಮಾರುವವನಿಗೆ ಅವನ ದಾರಿ ಸರಿ. ಮನೆಗೆ ಎರಡು ಸಾಕು ಅನ್ನುವವನು ಯಾಕೆ ಎರಡು ಸಲ ದುಡಿಯಬೇಕು?

ದನಿಯ ಬಗ್ಗೆ ನಾನು ಜಗಳ ಆಡಲ್ಲ. ಮರ ಬೆಚ್ಚಗೆ, ಫೈಬರ್ ತಣ್ಣಗೆ ಅನ್ನೋದನ್ನ ನಾನೂ ನಂಬಲ್ಲ. ನನ್ನ ತಕರಾರು ಕೆಲಸದ್ದು.

ಅವನ ಜೊತೆ ಒಂದು ಮೇ ತಿಂಗಳ ಮಧ್ಯಾಹ್ನ ಕೂತಿದ್ದೆ. ಅರ್ಧ ಲೀಟರ್ ರೆಸಿನ್‌ಗೆ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಒಂಚೂರು ಜಾಸ್ತಿ ಬಿತ್ತು. ಒಂದು ಪದರ ಮುಗಿಯುವಷ್ಟರಲ್ಲಿ ಮಗ್‌ನಲ್ಲಿದ್ದದ್ದು ಮೊಸರಿನ ಹಾಗೆ ಹೆಪ್ಪುಗಟ್ಟಿ, ಬಿಸಿಯೇರಿ, ಹೊಗೆ ಎದ್ದಿತು. ಪ್ಲಾಸ್ಟಿಕ್ ಮಗ್ ತಳ ಸೊಟ್ಟಗಾಯಿತು. ಅಷ್ಟೂ ರೆಸಿನ್ ಹೋಯಿತು, ಹಾಸಿದ್ದ ಮ್ಯಾಟೂ ಹೋಯಿತು. ರೆಸಿನ್ ಬೇಗ ಗಟ್ಟಿಯಾಗಲಿ ಅಂತ ಹಾಕುವ ಕೋಬಾಲ್ಟನ್ನೂ ಹಾರ್ಡ್‌ನರನ್ನೂ ನೇರವಾಗಿ ಒಂದೇ ಪಾತ್ರೆಗೆ ಸುರಿದರಂತೂ ಸ್ಫೋಟವೇ ಆಗಬಹುದು. ರೆಸಿನ್‌ನಲ್ಲಿರುವ ಸ್ಟೈರಿನ್ ವಾಸನೆ ಮನೆಯಿಂದ ಹೋಗೋಕೆ ವಾರಗಟ್ಟಲೆ ಬೇಕು. ಅಂಚು ಗ್ರೈಂಡ್ ಮಾಡಿದ ದಿನ ಗಾಜಿನ ಪುಡಿ ಮೊಣಕೈ ಮಡಿಕೆಯಲ್ಲಿ ಕೂತು ರಾತ್ರಿಯೆಲ್ಲಾ ತುರಿಕೆ. ಮರದಲ್ಲಿ ತಪ್ಪಾದರೆ ಉಜ್ಜುಗೊರಡು ಹೊಡೆಯಬಹುದು, ತುಂಡು ಕೂರಿಸಬಹುದು. ಹೊಟ್ಟು ಗೊಬ್ಬರದ ಗುಂಡಿಗೆ ಹೋಗುತ್ತೆ. ಕೆಟ್ಟ ಫೈಬರ್ ಎಲ್ಲಿಗೆ ಹೋಗುತ್ತೆ? ಅವನ ಮನೆ ಹಿತ್ತಲಲ್ಲಿ ಮೂರು ಬಿದ್ದಿವೆ, ಹೋಗಿ ನೋಡಿ.

ಇನ್ನು ಬಾಸ್, ಅಂದರೆ ತಗ್ಗು ದನಿ. 50 ಹರ್ಟ್ಸ್‌ಗೆ ಪೂರ್ತಿ ಲೆಕ್ಕದ ದುಂಡು ಹಾರ್ನ್ ಬೇಕಂದರೆ ಬಾಯಿ ಸುಮಾರು 2.2 ಮೀಟರ್ ಅಗಲ. ಅದನ್ನ ಯಾರೂ ನೆಟ್ಟಗೆ ಕಟ್ಟಲ್ಲ, ಮಡಿಚುತ್ತಾರೆ. ಪಾಲ್ ಕ್ಲಿಪ್ಶ್ ಅಮೆರಿಕದ ಹೋಪ್ ಊರಿನಲ್ಲಿ 1946ರಲ್ಲಿ ಮಾರಾಟಕ್ಕಿಳಿಸಿದ ಕ್ಲಿಪ್ಶ್‌ಹಾರ್ನ್ ಹಾಗೆ ಮಡಿಚಿದ್ದೇ. ಹಾರ್ನ್‌ನ ಕೊನೆಯ ಭಾಗವನ್ನು ಅವರು ಕಟ್ಟಲೇ ಇಲ್ಲ, ಕೋಣೆಯ ಮೂಲೆಗೆ ಒಪ್ಪಿಸಿಬಿಟ್ಟರು! ಒಳಗಿರುವುದೆಲ್ಲ ಚಪ್ಪಟೆ ಹಲಗೆ. ಫೈಬರ್‌ಗೆ ಬಿಗಿ ಬರುವುದು ಅದು ಬಾಗಿದಲ್ಲಿ. ಚಪ್ಪಟೆಯಾಗಿ ಬಿಟ್ಟರೆ ತಮಟೆಯ ಹಾಗೆ ಬಡಿದುಕೊಳ್ಳುತ್ತೆ.

ಮರ ಬಾಗಲ್ಲ ಅಂತಲೂ ಅಂದುಕೊಳ್ಳಬೇಡಿ. ಮೂಕಿ ಸಿನಿಮಾ ಮಾತಾಡೋಕೆ ಶುರು ಮಾಡಿದ ಕಾಲದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಥಿಯೇಟರುಗಳಿಗೆ ಕೊಟ್ಟ 15ಎ ಹಾರ್ನ್ ಬಸವನಹುಳುವಿನ ಹಾಗೆ ಸುತ್ತಿಕೊಂಡಿದೆ. ಅದು ತೆಳು ಪ್ಲೈವುಡ್‌ನದ್ದು.

ಮಳೆ ವಿಷಯದಲ್ಲಿ ಅವನು ಗೆದ್ದ, ಒಪ್ಪಿದೆ. ಗುಡಿಯ ಗೋಪುರಕ್ಕೆ ಕಟ್ಟುವುದಾದರೆ ಫೈಬರ್ರೇ ಇರಲಿ. ಆದರೆ ನನ್ನ ಹಾರ್ನ್ ಹಜಾರದಲ್ಲಿರುತ್ತೆ. ನೆನೆಯುವ ಮನೆಯಾದರೆ ಐಎಸ್ 710 ಗುರುತಿನ, ನೀರು ತಡೆಯುವ ಮರೈನ್ ಪ್ಲೈ ತನ್ನಿ, ಒಳಗೂ ಹೊರಗೂ ಪಾಲಿಶ್ ಹೊಡೆಯಿರಿ.

ಅಂದಹಾಗೆ ಮೊನ್ನೆ ಅವನ ಫೋನ್ ಬಂದಿತ್ತು. ಮಳೆಗೆ ಎಂಡಿಎಫ್ ಅಚ್ಚಿನ ಅಂಚು ಉಬ್ಬಿದೆಯಂತೆ. ಇನ್ನೊಂದು ಕಡೆದುಕೊಡ್ತೀಯಾ ಅಂದ. ಈ ಸಲ ಮರೈನ್ ಪ್ಲೈ ನೀನೇ ತಗೊಂಡು ಬಾ ಅಂದೆ.