ನೀಪರ್ ನದಿಯೂ ನಮ್ಮ ಬೀದಿಯ ಮ್ಯಾನ್‌ಹೋಲೂ

ನಿನ್ನೆ ನಮ್ಮ ಬೀದಿಯ ಮ್ಯಾನ್‌ಹೋಲಿಗೆ ಕೈಗವಸೂ ಕೊಡದೆ ಒಬ್ಬನನ್ನು ಇಳಿಸುತ್ತಿದ್ದುದನ್ನು ಕಂಡು ನಾನು ಕೂಗಾಡುತ್ತಿದ್ದರೆ, ಪಕ್ಕದಲ್ಲೇ ನಿಂತಿದ್ದ ಗೆಳೆಯ ಮೊಬೈಲಿನಿಂದ ತಲೆಯೆತ್ತದೆ, ‘ಉಕ್ರೇನಿನ ಬಾಖ್ಮುತ್ ಪಟ್ಟಣ ಬೀಳುತ್ತದೆಂದು ನಾನು ಆಗಲೇ ಹೇಳಿರಲಿಲ್ಲವೇ?’ ಎಂದ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕಿಳಿದಂದಿನಿಂದ ಇದೇ ಪಾಡು. ಅಲ್ಲಿನ ಪೂರ್ವ ಸೀಮೆ ಡಾನ್‌ಬಾಸ್‌ನ ಹಳ್ಳಿಗಳ ಹೆಸರು, ಆ ದೇಶದ ನಡುವೆ ಹರಿಯುವ ನೀಪರ್ ನದಿಯ ಯಾವ ದಡ ಯಾರ ವಶದಲ್ಲಿದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಮಲ ಬಾಚಿಸುವುದನ್ನು 1993ರಲ್ಲಿ ಒಮ್ಮೆ, ಅದು ಸಾಲದೆಂದು 2013ರಲ್ಲಿ ಮತ್ತೊಮ್ಮೆ ಕಾನೂನು ಮಾಡಿ ನಿಷೇಧಿಸಲಾಗಿದೆ ಎಂದರೆ ಮಾತ್ರ ‘ಹೌದೇ?’ ಎಂದು ಹುಬ್ಬೇರಿಸುತ್ತಾನೆ. ಜಾತಿಯ ಮಾತೆತ್ತಿದರಂತೂ, ಜಗತ್ತೇ ಹೊತ್ತಿ ಉರಿಯುವಾಗ ನಿನ್ನದೊಂದು ಚರಂಡಿ ಪುರಾಣವೆಂಬ ಮೂದಲಿಕೆ ಬೇರೆ. ಕ್ಷಿಪಣಿ ಬಿದ್ದು ಸತ್ತರಷ್ಟೇ ಸಾವು, ವಿಷಾನಿಲ ಕುಡಿದು ಸತ್ತರೆ ಅದು ಬರೀ ದುರಸ್ತಿ ಕಾಮಗಾರಿಯೇ? (ಅಂದಹಾಗೆ, ಅವನ ಮನೆಯ ಶೌಚಾಲಯದ ನೀರು ಹರಿಯುವುದೂ ಇದೇ ಮ್ಯಾನ್‌ಹೋಲಿಗೆ, ನೀಪರಿಗಲ್ಲ.)