ತಮ್ಮನ ಫ್ಲ್ಯಾಟಿನಲ್ಲಿ ತಾತನ ಬೀಟೆ ಕುರ್ಚಿ

ಮೈಸೂರಿನ ವಿಜಯನಗರದ ಅಪಾರ್ಟ್‌ಮೆಂಟೊಂದರ ಒಂಬತ್ತನೆಯ ಮಹಡಿಯಲ್ಲಿ ನನ್ನ ತಮ್ಮ ದೊಡ್ಡ ಫ್ಲ್ಯಾಟ್ ಕೊಂಡು ಕಳೆದ ತಿಂಗಳು ಗೃಹಪ್ರವೇಶ ಮಾಡಿದ. ಹಾಲಿನ ಕಿಟಕಿಯಿಂದ ಚಾಮುಂಡಿ ಬೆಟ್ಟ ಕಾಣುತ್ತದೆ. ಒಳಾಂಗಣ ವಿನ್ಯಾಸಕ್ಕೆಂದು ಬಂದವರು ಕೊಟ್ಟ ಪಟ್ಟಿಯಲ್ಲಿ ಇಟಾಲಿಯನ್ ಮಾರ್ಬಲ್, ಚರ್ಮದ ಸೋಫಾ, ಅಮೆರಿಕದ ಈಮ್ಸ್ ದಂಪತಿ 1956ರಲ್ಲಿ ಹೊರತಂದ ಪ್ರಸಿದ್ಧ ಲೌಂಜ್ ಕುರ್ಚಿಯ ನಕಲು ಮತ್ತು ಸೋಫಾದ ಬಣ್ಣಕ್ಕೆ ಒಪ್ಪುವಂತೆ ಪ್ರಿಂಟ್ ಮಾಡಿಸಿದ ಕ್ಯಾನ್ವಾಸ್ ಚಿತ್ರಗಳಿದ್ದವು. ಲಕ್ಷ್ಮೀಪುರಂ ಮನೆಯಿಂದ ತಂದಿದ್ದ ತಾತನ ಬೀಟೆ ಮರದ ಆರಾಮ ಕುರ್ಚಿಯನ್ನು ಮಾತ್ರ ‘ಥೀಮ್‌ಗೆ ಹೊಂದುವುದಿಲ್ಲ’ ಎಂದು ಬಾಲ್ಕನಿಗೆ ಸಾಗಿಸಲಾಗಿತ್ತು.

ಹೊಂದುವುದಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಈಮ್ಸ್ ಕುರ್ಚಿಯ ಮೊದಲ ಮಾದರಿಗಳಲ್ಲಿ ಬಾಗಿಸಿದ ಪ್ಲೈವುಡ್ಡಿನ ಮೇಲೆ ಹಚ್ಚಿದ್ದು ಬ್ರೆಜಿಲ್‌ನ ರೋಸ್‌ವುಡ್ಡನ್ನು, ಅಂದರೆ ನಮ್ಮ ಬೀಟೆಯ ಕುಲದ್ದೇ ಮರವನ್ನು. ಚಂಡೀಗಢದ ಕಚೇರಿಗಳಿಗಾಗಿ ಸ್ವಿಸ್ ವಾಸ್ತುಶಿಲ್ಪಿ ಪಿಯರ್ ಜನರೆ ರೂಪಿಸಿದ ಕುರ್ಚಿಗಳು ತೇಗ ಮತ್ತು ಬೆತ್ತದವು. ಇಂದು ಅವು ವಿದೇಶಗಳ ಹರಾಜಿನಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತಿವೆ. ಹೀಗಿರುವಾಗ ಬೀಟೆ ಮತ್ತು ಬೆತ್ತದ ಕುರ್ಚಿಯೊಂದು ಆಧುನಿಕ ಹಾಲಿಗೆ ಹೊರಗಿನದಾಗುವುದು ಹೇಗೆ?

ಗೋಡೆಯ ವಿಷಯದಲ್ಲಂತೂ ನನಗೆ ನಿಜಕ್ಕೂ ನೋವಾಗುತ್ತದೆ. ಮೈಸೂರಿನಲ್ಲಿ ಮನೆ ಮಾಡಿ, ಮೈಸೂರು ಶೈಲಿಯ ಒಂದು ಚಿತ್ರವನ್ನೂ ತೂಗುಹಾಕದೆ, ಸೋಫಾ ದಿಂಬಿನ ಬಣ್ಣ ನೋಡಿ ಚಿತ್ರ ಆರಿಸುವುದು ಸರಿಯಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಈ ಶೈಲಿಯಲ್ಲಿ ಮಕ್ಕಿ ಸಫೇದಾ ಎಂಬ ಲೇಪದಿಂದ ಒಡವೆಗಳನ್ನೂ ಕಮಾನುಗಳನ್ನೂ ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ಎದ್ದು ಕಾಣುತ್ತದೆ. ನಮ್ಮಲ್ಲಿ ಅದು ಬೆರಳ ತುದಿಗೆ ಮಾತ್ರ ತಿಳಿಯುವಷ್ಟು ನವುರು. ಎದುರಿನಿಂದ ನೇರವಾಗಿ ಎಲ್‌ಇಡಿ ಸ್ಪಾಟ್‌ಲೈಟ್ ಬಿಟ್ಟರೆ ಚಿನ್ನವೆಲ್ಲ ಒಂದೇ ಹಳದಿ ಪಟ್ಟಿಯಾಗುತ್ತದೆ. ಪಕ್ಕದಿಂದ ಓರೆಯಾಗಿ ಬೀಳುವ ಮಂದ ಬೆಳಕಿನಲ್ಲಿ ಲಕ್ಷ್ಮಿಯ ಕಂಠೀಹಾರದ ಒಂದೊಂದು ಮಣಿಗೂ ಅದರದೇ ಸಣ್ಣ ನೆರಳು ಹುಟ್ಟುತ್ತದೆ. ಅಂಥ ಒಂದೇ ಚಿತ್ರವನ್ನು, ಸೋಫಾದಲ್ಲಿ ಕುಳಿತವರ ಕಣ್ಣಿನ ಮಟ್ಟಕ್ಕೆ, ಬಿಸಿಲು ತಾಗದ ಗೋಡೆಗೆ ಹಾಕಿ ಉಳಿದ ಜಾಗವನ್ನು ಖಾಲಿ ಬಿಟ್ಟರೆ ಸಾಕು.

ಇನ್‌ಲೇ ಕೆಲಸದ ಮಾತೂ ಇದೇ. ಬೀಟೆಯ ಹಲಗೆಯಲ್ಲಿ ಗೆರೆ ಹಿಡಿದು ಕೊರೆದು, ಹಲಸು, ಸಂಪಿಗೆ ಮುಂತಾದ ಮರಗಳ ಚೂರುಗಳನ್ನು ಸಂದು ಕಾಣದಂತೆ ಕೂರಿಸುತ್ತಾರೆ. ಹಿಂದೆ ದಂತ ಕೂರಿಸುತ್ತಿದ್ದರು. ಅರಮನೆಯ ಅಂಬಾವಿಲಾಸದ ಬಾಗಿಲು ಅಂಥದ್ದು. ಅಲಂಕಾರವಿಲ್ಲದ ನೇರ ಗೆರೆಯ ಟೀಪಾಯಿಯ ಮೇಲ್ಮೈಗೆ ಈ ಕೆಲಸ ಎಷ್ಟು ಚೆನ್ನಾಗಿ ಒಪ್ಪುತ್ತದೆಂಬುದನ್ನು ನಮ್ಮ ವಿನ್ಯಾಸಕರು ಒಮ್ಮೆ ಪ್ರಯತ್ನಿಸಿ ನೋಡಬೇಕು.

ತಮ್ಮ ಕೊನೆಗೆ ಕ್ಯಾನ್ವಾಸುಗಳನ್ನು ಕೈಬಿಟ್ಟ. ಗಜಲಕ್ಷ್ಮಿಯನ್ನು ಬರೆದುಕೊಡಲು ಒಪ್ಪಿದ ಕಲಾವಿದರು ಮೊದಲು ಕೇಳಿದ ಪ್ರಶ್ನೆ, ಆ ಗೋಡೆಗೆ ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂಬುದು. ತಾತನ ಕುರ್ಚಿಯೂ ಕಿಟಕಿಯ ಬಳಿಗೆ ಬಂದಿದೆ, ಆದರೆ ಅದರ ಬೆತ್ತ ನಡುವೆ ಹರಿದುಹೋಗಿದೆ. ಪ್ಲಾಸ್ಟಿಕ್ ಪಟ್ಟಿ ಹಾಕದೆ, ಹಳೆಯ ರೀತಿಯಲ್ಲೇ ಬೆತ್ತ ಹೆಣೆದುಕೊಡುವವರು ಮೈಸೂರು, ಮಂಡ್ಯದ ಕಡೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.